ಬಾವಿ ಹಗ್ಗದ ಇನ್ನೊಂದು ತುದಿ

"ಮನೆಗೆ ಹಿರೀ ಮಗನೇನಪ್ಪಾ ನೀವು?" ಅಂಬಾಜಿದುರ್ಗದ ಬಂಡೆಯ ಬುಡದಲ್ಲಿ ನನ್ನ ಸೊಂಟಕ್ಕೆ ಬಾವಿ ಹಗ್ಗ ಬಿಗಿಯುತ್ತಾ ನಾರಾಯಣಪ್ಪನವರು ಹೀಗೆ ಕೇಳಿದಾಗ ನನ್ನ ಕಣ್ಣು ಅವರ ಚೀಲದತ್ತ ಹೋಯಿತು.

ಚಿಂತಾಮಣಿಗೆ ವರ್ಗವಾಗಿ ಬಂದ ಹೊಸತು. ಮಾತಿಗೆ ಒಬ್ಬರೂ ಇಲ್ಲದ ನನ್ನನ್ನು ಭಾನುವಾರ ಬಂಡೆ ಹತ್ತಲು ಕರೆದವರು, ಕಾಫಿ ಹೋಟೆಲಿನಲ್ಲಿ ಪರಿಚಯವಾದ ಇವರೊಬ್ಬರೇ. ಆದರೆ ದುರ್ಗದಲ್ಲಿ ನಿಧಿಯಿದೆ, ಅದಕ್ಕೆ ಹಿರಿಯ ಮಗನನ್ನೇ ಬಲಿ ಕೊಡಬೇಕಂತೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಇವರ ಚೀಲದಲ್ಲಿ ನಿಂಬೆಹಣ್ಣು, ಚಾಕು ಬೇರೆ ಕಂಡಿದ್ದವು.

"ಅಲ್ಲ, ಎರಡನೆಯವನು" ಎಂದು ಸುಳ್ಳು ಹೇಳಿದೆ.

ಹಗ್ಗದ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೇ ಕಟ್ಟಿಕೊಂಡು ಅವರು ಸರಸರನೆ ಮೇಲೇರಿದರು. ಹಿಂದೆಯೇ ಹತ್ತುತ್ತಿದ್ದ ನನ್ನ ಕಾಲು ನಡುವೆ ಜಾರಿತು. ನೇತಾಡುತ್ತಾ ತಲೆಯೆತ್ತಿದರೆ, ಬಂಡೆಗೆ ಕಾಲು ಕೊಟ್ಟು ಕೂತ ಅವರು ಹಲ್ಲು ಕಚ್ಚಿ ಹಗ್ಗ ಹಿಡಿದಿದ್ದರು.

ಮೇಲೆ ತಲುಪಿದಾಗ ಅವರ ಅಂಗೈ ಸುಲಿದಿತ್ತು. ಅದೇ ಕೈಯಿಂದ ನಿಂಬೆಹಣ್ಣು ಕೊಯ್ದು, ಬೆಲ್ಲ ಕದಡಿ ಪಾನಕ ಮಾಡಿದರು. ಅವರು ಕುಡಿಯುವವರೆಗೂ ನಾನು ಲೋಟ ಮುಟ್ಟಲಿಲ್ಲ. ಊರಿನ ನಿಧಿ ಕತೆ ಗೊತ್ತಿದ್ದ ಅವರು ನನ್ನ ಅನುಮಾನ ಅರ್ಥವಾಗಿ ನಕ್ಕರು. "ನಿಧಿ ಸಿಕ್ಕಿದ್ರೆ ಈ ಹಳೇ ಹಗ್ಗ ಯಾಕೆ ತರ್ತಿದ್ದೆ ಸ್ವಾಮಿ? ಹಿರೀ ಮಗ ಅಂದಿದ್ರೆ ಸಲೀಸು ದಾರೀಲಿ ಕರ್ಕೊಂಡು ಬರ್ತಿದ್ದೆ. ಏನಾದ್ರೂ ಆದ್ರೆ ನಿಮ್ಮಮ್ಮನಿಗೆ ಯಾರಪ್ಪಾ ಉತ್ತರ ಹೇಳೋದು?"

ಈಗ ಭಾನುವಾರಗಳಲ್ಲಿ ಹೊಸಬರಿಗೆ ಹಗ್ಗ ಕಟ್ಟುವವನು ನಾನು. ಹಿರೀ ಮಗನೇ ಎಂಬ ಅದೇ ಪ್ರಶ್ನೆಯನ್ನು ನಾನೂ ಕೇಳುತ್ತೇನೆ, ಬುಡದಲ್ಲೇ ಪಾನಕ ಮಾಡಿ, ಮೊದಲ ಲೋಟ ನಾನು ಕುಡಿದ ಮೇಲೆ.