ಹದಿನಾಲ್ಕನೆಯ ಷಡ್ಜ

ರಂಜಿನಿ ಮಿಸ್ ಹಾಜರಿ ತೆಗೆದುಕೊಳ್ಳುವುದನ್ನು ನೋಡಿದರೆ ಹೊಸಬರಿಗೆ ನಗು ಬರುವುದೇ ಸೈ. ಹೆಸರು ಕೂಗುವುದಿಲ್ಲ, ನಂಬರು ಕರೆಯುವುದಿಲ್ಲ. ಶ್ರುತಿಪೆಟ್ಟಿಗೆ ಹಾಕಿ ಕಣ್ಣು ಮುಚ್ಚಿ ಕೂತುಬಿಡುತ್ತಾರೆ. ಆರನೇ ಕ್ಲಾಸಿನ ಇಪ್ಪತ್ತಾರು ಮಕ್ಕಳು ಕೂತ ಸಾಲಿನಲ್ಲೇ ಒಬ್ಬರಾದ ಮೇಲೊಬ್ಬರು ಒಂದೊಂದು 'ಸ' ಹಾಡಬೇಕು. ಎಲ್ಲ ಮುಗಿದ ಮೇಲೆ ಕಣ್ಣು ತೆರೆದು, ಯಾರ ದನಿ ಕೇಳಲಿಲ್ಲವೋ ಅವರಿಗೆ ಗೈರು, ಮಿಕ್ಕವರಿಗೆ ಹಾಜರು. ಒಬ್ಬರ ಬದಲು ಇನ್ನೊಬ್ಬರು ಹಾಡಿ ಟೋಪಿ ಹಾಕಲು ನೋಡಿದ್ದುಂಟು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಂದಲೂ ಆಗಿಲ್ಲ.

ಆ ಕಿವಿ ಅವರಿಗೆ ಪುಕ್ಕಟೆ ಬಂದದ್ದಲ್ಲ. ಅಪ್ಪ ಆಂಜಿನಯ್ಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಮಗಳು ಬಸವನಗುಡಿಯ ಸಂಗೀತ ಪಾಠದ ಮನೆಗಳ ಮುಂದೆ ಚಪ್ಪಲಿಗಳ ಪಕ್ಕ ಕೂತು, ಒಳಗೆ ಹೇಳಿಕೊಡುವುದನ್ನು ಹೊರಗಿಂದ ಕದ್ದು ಕಲಿತವಳು. ಒಳಗೆ ಯಾರು ಹಾಡುತ್ತಿದ್ದಾರೆ, ಯಾರಿಗೆ ನೆಗಡಿ, ಯಾರು ಅತ್ತು ಬಂದಿದ್ದಾರೆ, ಎಲ್ಲವೂ ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಪರೀಕ್ಷೆ ಪಾಸು ಮಾಡಿ, ಚಾಮರಾಜಪೇಟೆಯ ಈ ಶಾಲೆಗೆ ಸಂಗೀತದ ಟೀಚರಾಗಿ ಬಂದರು. ಕಣ್ಣನ್ನು ನಂಬದಿದ್ದರೂ ಕಿವಿಯನ್ನು ನಂಬುವ ಜೀವ. ಪಾಠ ಹೇಳುವಾಗಲೂ ಕಣ್ಣು ಮುಚ್ಚಿಯೇ, ಯಾವ ಜಾಗ ಖಾಲಿ ಎಂದು ನೋಡುವ ಅಭ್ಯಾಸವಿಲ್ಲ.

ಪ್ರತಿಭಾ ಕಾರಂಜಿ ಸ್ಪರ್ಧೆ ಹತ್ತಿರವಾಗಿದ್ದರಿಂದ ದಿನವೂ ಹನ್ನೊಂದಕ್ಕೆ ಆರನೇ ಕ್ಲಾಸಿನವರಿಗೆ ಅಭ್ಯಾಸ. ಅಂಥ ಒಂದು ದಿನ ಬೆಳಗ್ಗೆ ಹೆಡ್‌ಮಾಸ್ಟರ್ ಚಲುವರಾಜು ರಂಜಿನಿ ಮಿಸ್ಸನ್ನು ರೂಮಿಗೆ ಕರೆಸಿ, ಎರಡು ರಿಜಿಸ್ಟರುಗಳನ್ನು ಮೇಜಿನ ಮೇಲೆ ತೆರೆದಿಟ್ಟರು. ಕ್ಲಾಸ್ ಟೀಚರ್ ಸತೀಶರ ರಿಜಿಸ್ಟರಿನಲ್ಲಿ ಲಾವಣ್ಯಾ ಎಂಬ ಹುಡುಗಿಗೆ ಒಂಬತ್ತು ದಿನ ಗೈರು. ಸಂಗೀತದ ರಿಜಿಸ್ಟರಿನಲ್ಲಿ ಅದೇ ಹುಡುಗಿ ಒಂಬತ್ತು ದಿನವೂ ಹಾಜರು. ಅದನ್ನು ನೋಡಿ, ಪಾಠ ತಪ್ಪಿಸಿ ಹಾಡಿಗೆ ಮಾತ್ರ ಬರುತ್ತಿದ್ದಾಳೆಂದು ಸತೀಶರು ಸಿಟ್ಟಾಗಿ, ಮನೆಗೆ ವಿಚಾರಿಸಲು ಹೋಗಿರಲಿಲ್ಲ. ಈಗ ವಾಚ್‌ಮನ್ ದಾಸಪ್ಪನನ್ನು ಕೇಳಿದರೆ, ಆ ಮಗು ಒಂಬತ್ತು ದಿನದಿಂದ ಗೇಟು ದಾಟಿ ಒಳಗೇ ಬಂದಿಲ್ಲ ಎನ್ನುತ್ತಾನೆ.

ರಂಜಿನಿ ಮಿಸ್‌ಗೆ ಮೊದಲು ಬಂದದ್ದು ರೇಗು. ಯಾವೋ ತರಲೆ ಮುಂಡೇವು ಲಾವಣ್ಯಾಳ ದನಿಯನ್ನು ಅಣಕಿಸುತ್ತಿವೆ, ಇವತ್ತು ವಿಚಾರಿಸಿಕೊಳ್ಳುತ್ತೇನೆ ಎಂದುಕೊಂಡು ಕ್ಲಾಸಿಗೆ ಹೋದರು. ಆದರೆ ಮೆಟ್ಟಿಲು ಹತ್ತುವಾಗ ಒಂದು ಸಂಗತಿ ನೆನಪಾಗಿ ನಡುವೆಯೇ ನಿಂತರು. ಆ ಹುಡುಗಿಯ 'ಸ' ಸ್ವಲ್ಪ ಕೆಳಗಿನಿಂದ ಹೊರಟು, ಏದುಸಿರಿನಲ್ಲಿ ಮೇಲೇರಿ ಜಾಗಕ್ಕೆ ಬಂದು ಕೂರುತ್ತದೆ. ಅದನ್ನು ಅಣಕಿಸುವುದು ದೊಡ್ಡ ವಿದ್ವಾಂಸರಿಗೂ ಕಷ್ಟ.

ಆ ದಿನ ಕಣ್ಣು ಮುಚ್ಚಲಿಲ್ಲ. ಹದಿಮೂರು ಮಕ್ಕಳು ಹಾಡಿದರು. ಹದಿನಾಲ್ಕನೆಯ ಜಾಗ ಖಾಲಿ. ಹದಿನೈದನೆಯವನು ಅನಿರುದ್ಧ, ಅವನು ಬಾಯಿ ತೆರೆಯದೆ ಸುಮ್ಮನೆ ಕಾಯುತ್ತಿದ್ದ. ಹಾಡಪ್ಪಾ ಎಂದರೆ ಖಾಲಿ ಜಾಗದ ಕಡೆ ಕೈ ತೋರಿಸಿದ.

"ಅವಳದಾಗ್ಲಿ ಮಿಸ್. ನೀವು ಕಣ್ ಮುಚ್ಚಿದ್ರೇನೇ ಅವಳು ಹೇಳೋದು."

ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ. ರಂಜಿನಿ ಮಿಸ್ ಕಣ್ಣು ಮುಚ್ಚಿದರು. ಶ್ರುತಿಯ ಗುಂಯ್‌ಗುಡುವಿಕೆಯ ನಡುವೆ, ಆ ಖಾಲಿ ಬೆಂಚಿನಿಂದ, ಕೆಳಗಿನಿಂದ ಮೇಲೇರುತ್ತ ಬಂತು ಷಡ್ಜ. ಕಣ್ಣು ಬಿಟ್ಟು ನೋಡಿದರೆ ಯಾವ ಮಗುವಿನ ತುಟಿಯೂ ಅಲುಗಿರಲಿಲ್ಲ. ಎಲ್ಲವೂ ಬೆಂಚನ್ನೇ ನೋಡುತ್ತಿದ್ದವು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಮಿಸ್ಸೇ ಹಾಜರಿ ಹಾಕುತ್ತಿದ್ದರಲ್ಲ, ಅದು ಸರಿಯೇ ಇರಬೇಕು ಅಂದುಕೊಂಡೆವು ಎಂದವು. ಮಕ್ಕಳದೇನು ತಪ್ಪು?

ಅದಕ್ಕಿಂತ ಹೆಚ್ಚಾಗಿ ಅವರನ್ನು ನಡುಗಿಸಿದ್ದು ಇನ್ನೊಂದು. ಆ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಬಂದಿತ್ತು. ನೆಗಡಿಯಿರಬೇಕೆಂದು ಕಣ್ಣು ಮುಚ್ಚಿಕೊಂಡೇ "ಜೋರಾಗಿ ಹೇಳಮ್ಮಾ" ಅಂದಿದ್ದರು. ಇವತ್ತಿನದಂತೂ ಕೊನೆಗೆ ಜಾಗ ಮುಟ್ಟಲೇ ಇಲ್ಲ. ನಾಳೆ ಬರುತ್ತದೋ ಇಲ್ಲವೋ.

ಆಫೀಸಿನಲ್ಲಿ ವಿಳಾಸ ಹುಡುಕಿಸಿ ಆಟೋ ಹತ್ತಿದರು. ಕೃಷ್ಣರಾಜ ಮಾರುಕಟ್ಟೆಯ ಹಿಂದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಗಲ್ಲಿಯಲ್ಲಿ ಒಂದು ಕೋಣೆ. ಅಜ್ಜಿ ದೊಡ್ಡಮುನಿಯಮ್ಮ ಬೆಳಗಿನ ಜಾವ ಸೊಪ್ಪು ಮಾರಿ ಬಂದು, ತಾಯಿಯಿಲ್ಲದ ಮೊಮ್ಮಗಳ ಪಕ್ಕ ಕೂತಿದ್ದಳು. ಲಾವಣ್ಯಾ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿತ್ತು. ಮೈಯೆಲ್ಲ ಅರಿಸಿನ ಬಳಿದಂತೆ ಹಳದಿ. ಕಾಮಾಲೆ. ಯಾರೋ ಹೇಳಿದ ನಾಟಿ ಔಷಧಿ ಅರೆದು ಕುಡಿಸುತ್ತಿದ್ದಳು ಅಜ್ಜಿ. ಶಾಲೆಯವರು ಯಾರಾದರೂ ಬಂದಾರು, ಅವರನ್ನು ಕೇಳೋಣವೆಂದು ದಿನವೂ ಕಾದಿದ್ದಳಂತೆ.

"ಮಾತಾಡಿ ಒಂಬತ್ ದಿನ ಆಯ್ತು ಮಿಸ್ಸಮ್ಮಾ. ದಿನಕ್ಕೊಂದ್ ಸಲ, ನಾನು ಮಾರ್ಕೆಟ್ನಿಂದ ಬಂದು ಕೂತ್ಕೊಳ್ಳೋ ಹೊತ್ಗೆ, ಹನ್ನೊಂದಕ್ಕೆ, ತಾನಾಗೇ ಬಾಯ್ ತೆಗೀತದೆ. ನೀರು ಬೇಕೇನೋ ಅಂತ ಚಮಚ ಇಡೋಕ್ ಹೋದ್ರೆ ಮುಚ್ಕೊಂಡ್ಬಿಡ್ತದೆ. ಸದ್ದು ಅನ್ನೋದೇ ಇಲ್ಲ."

ಸದ್ದು ಎಲ್ಲಿಗೆ ಹೋಗುತ್ತಿತ್ತೆಂದು ಆ ಮುದುಕಿಗೆ ಯಾವ ಬಾಯಿಂದ ಹೇಳುವುದು? ತಾನು ಹಾಕಿದ ಒಂದೊಂದು ಹಾಜರಿಯೂ ಈ ಮನೆಗೆ ಬರಬೇಕಾದವರನ್ನು ತಡೆದಿತ್ತು ಎಂದು ರಂಜಿನಿ ಮಿಸ್‌ಗೆ ತಮ್ಮ ಮೇಲೇ ರೇಗಿತು. ಮಗುವನ್ನು ಎತ್ತಿಕೊಂಡರು. ಹನ್ನೊಂದು ವರ್ಷದ ಹುಡುಗಿ ಖಾಲಿ ಬುಟ್ಟಿಯಷ್ಟು ಹಗುರ.

ಆಸ್ಪತ್ರೆಗೆ ಸೇರಿಸಿದಾಗ, ಲಿವರು ತೀರಾ ಸೋತಿದೆ, ನಾಳೆ ಮಧ್ಯಾಹ್ನದವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು.

ಮಾರನೆಯ ಬೆಳಗ್ಗೆ ರಂಜಿನಿ ಮಿಸ್‌ಗೆ ಒಂದೇ ಯೋಚನೆ: ಹನ್ನೊಂದಕ್ಕೆ ಏನು ಮಾಡುವುದು? ಇನ್ನೊಂದು 'ಸ' ಶಾಲೆಗೆ ಹೊರಟುಹೋದರೆ ಇಲ್ಲಿ ಏನು ಉಳಿದೀತು? ಹಾಗೆಂದು ಕ್ಲಾಸು ನಿಲ್ಲಿಸಿಬಿಟ್ಟರೆ, ಹೊರಟ ದನಿ ಯಾವ ಬೀದಿಯಲ್ಲಿ ಅಲೆದೀತು? ಕೊನೆಗೆ ಸತೀಶರಿಗೆ ಫೋನ್ ಮಾಡಿ, ತಾನು ತೆಗೆದುಕೊಳ್ಳುವ ಹಾಗೆಯೇ ಹಾಜರಿ ತೆಗೆದುಕೊಳ್ಳಿ, ಕಣ್ಣು ಮುಚ್ಚಿ ಕೂರಿ ಎಂದು ಕೇಳಿಕೊಂಡರು. ಅವರು ಬೆಳಗ್ಗೆ ಬೆಳಗ್ಗೆ ಇದೇನು ಮಿಸ್ ಅಂದರೂ ಒಪ್ಪಿದರು.

ಹನ್ನೊಂದಾಯಿತು. ಹಾಸಿಗೆಯಲ್ಲಿ ಮಗುವಿನ ತುಟಿ ಬಿಚ್ಚಿತು. ಗಂಟಲು ಅಲುಗಿತು, ಸದ್ದಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಂಜಿನಿ ಮಿಸ್ ಮಗುವಿನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಷಡ್ಜ ಹಿಡಿದರು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು, ನೋಡಿಕೊಳ್ಳಲಿ.

"ಅಲ್ಲಿಗೆ ಹೋಗ್ಬೇಡ ಕಂದಾ. ಮಿಸ್ ಇಲ್ಲಿದೀನಿ, ಇಲ್ಲೇ ಹೇಳು," ಎಂದು ಗಟ್ಟಿಯಾಗಿ ಕಣ್ಣು ಮುಚ್ಚಿದರು.

ಎಷ್ಟು ಹೊತ್ತೋ ಏನೋ. ವಾರ್ಡಿನ ಗಲಾಟೆಯೊಳಗೆ, ಅವರ ಕೆನ್ನೆಗೆ ಬಿಸಿಯುಸಿರು ತಾಕುವಷ್ಟು ಹತ್ತಿರದಲ್ಲಿ, ಒಡಕಲು ದನಿಯೊಂದು ಕೆಳಗಿನಿಂದ ಹೊರಟು, ಏದುತ್ತ ಏರಿ, ಬಂದು ಕೂತಿತು. ಅಜ್ಜಿ ಗೊಳೋ ಎಂದು ಅತ್ತಳು. ಅವಳಿಗೂ ಕೇಳಿಸಿತ್ತು.

ಫೋನು ಬಡಿದುಕೊಂಡಿತು. ಸತೀಶರು. ಹಿಂದಿನಿಂದ ಮಕ್ಕಳು ಬಿಕ್ಕುವುದು ಕೇಳಿಸುತ್ತಿತ್ತು.

"ಮಿಸ್, ಹದಿನಾಲ್ಕನೇದು ಇವತ್ತು ಬರ್ಲಿಲ್ಲ ಅಂತ ಮಕ್ಳೆಲ್ಲ ಅಳ್ತಾ ಕೂತಿದಾರೆ. ಏನಾಯ್ತು ಮಿಸ್? ಏನ್ ಹಾಕ್ಲಿ?"

ರಂಜಿನಿ ಮಿಸ್ ಫೋನನ್ನು ಕಿವಿಗೆ ಒತ್ತಿಕೊಂಡು ಮಗುವಿನ ಕೈ ಹಿಡಿದರು. ಮೂಗು ಸೊರಗುಟ್ಟುತ್ತಿತ್ತು, ನಗುವೂ ಬರುತ್ತಿತ್ತು.

"ಆಬ್ಸೆಂಟ್ ಹಾಕಿ ಸಾರ್," ಎಂದರು. "ದಪ್ಪಕ್ಷರದಲ್ಲಿ ಹಾಕಿ."