ದಸ್ತಗೀರಸಾಬರ ಎದೆನೋವು

ಒಬ್ಬರ ನೋವನ್ನು ಇನ್ನೊಬ್ಬರು ಹೊರಲಾರರು; ಪ್ರತಿಯೊಬ್ಬನೂ ತನ್ನ ಹೃದಯದೊಂದಿಗೆ ಒಂಟಿ. ಕಿತ್ತೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವಾಗ ಈ ಗಂಭೀರ ಮಾತನ್ನು ಪ್ರತಿವರ್ಷ ಹೇಳುತ್ತಿದ್ದೆ. ಹುಡುಗರು ಅಷ್ಟೇ ಗಂಭೀರವಾಗಿ ಆಕಳಿಸುತ್ತಿದ್ದರು. ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ, ಕತೆ ಮುಗಿಯುವ ಮೊದಲೇ ಕಾರಣ ಹುಡುಕಿ ಕೊಟ್ಟು ಎಲ್ಲರ ಸಂತೋಷ ಕೆಡಿಸುವುದು ನನ್ನ ಸ್ವಭಾವ. ಅಂಥ ನಾನೇ ಇದನ್ನು ಬರೆಯಬೇಕಾಗಿ ಬಂದಿದೆ. ಓದುಗರು ನಗುವುದಾದರೆ ನಗಲಿ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ನಾನೂ ನಮ್ಮ ಓಣಿಯ ಗೆಳೆಯ ದಸ್ತಗೀರಸಾಬರೂ ನೇಸರಗಿ ಸಂತೆಯಿಂದ ನಮ್ಮೂರಾದ ಬೈಲಹೊಂಗಲಕ್ಕೆ ಮರಳುತ್ತಿದ್ದೆವು. ಎತ್ತಿನ ಹಗ್ಗ, ಗೆಜ್ಜೆ ಮಾರುವುದು ಅವರ ವ್ಯಾಪಾರ. ಅವರ ಟೆಂಪೋದಲ್ಲಿ ಸಂತೆ ಸುತ್ತುವುದು ನಿವೃತ್ತನಾದ ನನ್ನ ಉದ್ಯೋಗ. ದಾರಿಯಲ್ಲಿ ಅವರು ಗಾಡಿ ನಿಲ್ಲಿಸಿ ಎದೆ ಹಿಡಿದುಕೊಂಡರು. ಅಂಗಿ ಬೆವರಿನಿಂದ ತೊಯ್ದಿತ್ತು.

"ಮಾಸ್ತರ, ಎದಿ ಮ್ಯಾಲೆ ಯಾರೋ ಕುಂತಾಂಗ ಆಗೇತ್ರಿ."

"ಮಿರ್ಚಿ ತಿನ್ನೂ ಮುಂದ ಬ್ಯಾಡ ಅಂದಿದ್ನೆಲ್ಲ" ಎಂದೆ. ನಮ್ಮ ಕಡೆ ಎದೆನೋವು ಎಂದರೆ ಮೊದಲು ಗ್ಯಾಸ್, ಆಮೇಲೆ ಸೋಡಾ, ಕೊನೆಗೆ ದವಾಖಾನೆ. ಆದರೆ ಅವರ ಮುಖ ನೋಡಿ ಸೋಡಾದ ಮಾತು ಬರಲಿಲ್ಲ. ಹಿಂದೆ ಬಂದ ಜೀಪಿಗೆ ಕೈಮಾಡಿ ತಾಲೂಕು ದವಾಖಾನೆಗೆ ಕರೆದೊಯ್ದೆ.

ಅಲ್ಲಿ ಇಸಿಜಿಯ ವೈರುಗಳನ್ನು ಕಂಡದ್ದೇ ಅವರು ಹಟ ಹಿಡಿದರು. "ನನಗ ಕರೆಂಟ್ ಹಚ್ಚಬ್ಯಾಡ್ರಿ. ಮೊದಲ ಮಾಸ್ತರಿಗೆ ಹಚ್ರಿ. ಅವರು ಉಳದ್ರ ನನಗ ಹಚ್ಚೀರಂತ."

"ಬರ್ರಿ ಅಜ್ಜಾರ, ನೀವ ಮಲಕೋರಿ" ಎಂದು ಸಿಸ್ಟರ್ ನನ್ನ ಕಡೆ ನೋಡಿ ನಕ್ಕಳು. ವಿಜ್ಞಾನದ ಮರ್ಯಾದೆ ಉಳಿಸಲು ನಾನು ಮಲಗಿದೆ. ಕಾಗದ ಹೊರಬರುತ್ತಿದ್ದಂತೆ ಅವಳ ನಗು ನಿಂತಿತು. ವೈರು ಬಿಚ್ಚಿ, ಮತ್ತೆ ಹಚ್ಚಿ, ಮತ್ತೊಂದು ಕಾಗದ ತೆಗೆದಳು. ಡಾಕ್ಟರು ಓಡಿ ಬಂದರು. ದಸ್ತಗೀರಸಾಬರಿಗೂ ವೈರು ಹಚ್ಚಿ ನೋಡಿದರು; ಅವರ ಹೃದಯ ಸರಿಯಾಗಿತ್ತು. ಹೃದಯಾಘಾತ ಆಗುತ್ತಿದ್ದದ್ದು ನನಗೆ. ನನಗೋ ಹಸಿವೆಯ ಹೊರತು ಬೇರೇನೂ ಅನ್ನಿಸುತ್ತಿರಲಿಲ್ಲ.

ಅಲ್ಲಿನ ಪದ್ಧತಿಯಂತೆ ಕಾಗದದ ಫೋಟೊ ಬೆಳಗಾವಿಯ ಹೃದಯತಜ್ಞರಿಗೆ ಹೋಯಿತು. ಕೂಡಲೇ ಇಂಜೆಕ್ಷನ್ ಕೊಡಿ ಎಂದು ಉತ್ತರ ಬಂತು.

"ಡಾಕ್ಟರ, ನೋವು ಅವರಿಗೈತಿ" ಎಂದೆ.

"ನಾಳದಾಗ ರಕ್ತದ ಹೆಪ್ಪು ನಿಮಗೈತ್ರಿ, ಸರ್. ತಡಾ ಮಾಡಿದಷ್ಟೂ ಹೃದಯ ಸಾಯ್ತೈತಿ."

ಔಷಧ ನರಕ್ಕೆ ಇಳಿಯುವಾಗ ಎಂದೋ ಓದಿದ್ದೆಲ್ಲ ನೆನಪಾಯಿತು. ಗಂಟಲು ಕೆಡಿಸುವ ಒಂದು ರೋಗಾಣು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವುದನ್ನು ಯಾರೋ ಪ್ರಯೋಗಶಾಲೆಯಲ್ಲಿ ಕಂಡರು. ಅದರಿಂದ ತೆಗೆದ ವಸ್ತು ಹೃದಯದ ಔಷಧವಾಗಲು ದಶಕಗಳು ಹಿಡಿದವು. ಆಘಾತಕ್ಕೆ ಹೆಪ್ಪೇ ಕಾರಣ ಎಂಬುದನ್ನೇ ಬಹಳ ವೈದ್ಯರು ಒಪ್ಪಿರಲಿಲ್ಲ. ಹೆಪ್ಪು ಆಮೇಲೆ ಕಟ್ಟುತ್ತದೆ ಎನ್ನುತ್ತಿದ್ದರು. ಆಘಾತ ನಡೆಯುತ್ತಿರುವಾಗಲೇ ರಕ್ತನಾಳದ ಚಿತ್ರ ತೆಗೆದು ತೋರಿಸಿದ ಮೇಲೆ ಸುಮ್ಮನಾದರು. ಸಾವಿರಾರು ರೋಗಿಗಳಿಗೆ ಕೊಟ್ಟು ನೋಡಿ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ ಎಂದು ಖಾತ್ರಿ ಮಾಡಿಕೊಂಡರು. ನನಗೆ ಕೊಟ್ಟದ್ದು ಅದಕ್ಕಿಂತ ಹೊಸದು; ನಮ್ಮ ಮೈಯಲ್ಲೇ ಹೆಪ್ಪು ಕರಗಿಸುವ ವಸ್ತುವನ್ನು ತಿದ್ದಿ ಮಾಡಿದ್ದು, ಒಂದೇ ಸೂಜಿ. ಎಲ್ಲಿಯೋ ಯಾರೋ ತಮ್ಮ ಆಯುಷ್ಯ ಸವೆಸಿದ್ದು ಬೈಲಹೊಂಗಲದ ಕಪಾಟಿನಲ್ಲಿ ನನಗಾಗಿ ಕಾದಿತ್ತು.

ಗೋಡೆಯಾಚೆ ಬೆಂಚಿನ ಮೇಲೆ ದಸ್ತಗೀರಸಾಬರು "ಯಾ ಅಲ್ಲಾ" ಎಂದು ನರಳುವುದು ಕೇಳುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ, ನನ್ನ ಎದೆಬಡಿತ ತೋರಿಸುತ್ತಿದ್ದ ಯಂತ್ರದ ಪರದೆಯಲ್ಲಿ ಗೆರೆ ಹುಚ್ಚುಹುಚ್ಚಾಗಿ ಕುಣಿದು, ಇಳಿದು, ಸಮಾಧಾನವಾಯಿತು. "ನಾಳ ತೆರೀತು" ಎಂದರು ಡಾಕ್ಟರು, ಮೆಲ್ಲಗೆ. ಅದೇ ಗಳಿಗೆಗೆ ಆಚೆಯಿಂದ ದನಿ ಬಂತು:

"ಸಿಸ್ಟರ್, ಎದಿ ಮ್ಯಾಲೆ ಕುಂತಾಂವ ಎದ್ದ ಹೋದ್ನ್ರಿ!"

ಡಾಕ್ಟರು ಎರಡಕ್ಕೂ ಕಾರಣ ಹೇಳಿದರು. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ಎದೆನೋವು ಗೊತ್ತಾಗದೆ ಇರಬಹುದು. ದಸ್ತಗೀರಸಾಬರದು ಗ್ಯಾಸ್ ಇರಬಹುದು. ಎರಡನ್ನೂ ಒಪ್ಪುತ್ತೇನೆ. ಎರಡೂ ಒಂದೇ ಗಳಿಗೆಗೆ ಮುಗಿದದ್ದು ಹೇಗೆ ಎಂದು ಕೇಳಿದ್ದಕ್ಕೆ, ನನಗೆ ವಿಶ್ರಾಂತಿ ಬೇಕು ಎಂದರು.

"ನಿಮ್ಮ ನೋವು ನಾ ಉಂಡೇನಿ, ಮಾಸ್ತರ. ಚಾ ಆದರೂ ಕುಡಸ್ರಿ" ಎಂದು ದಸ್ತಗೀರಸಾಬರು ಸಿಕ್ಕಲ್ಲೆಲ್ಲ ಚುಚ್ಚುತ್ತಿದ್ದರು. ಕುಡಿಸಿದೆ. ಕಾರಣ ಹುಡುಕುವುದನ್ನೂ ಬಿಡಲಿಲ್ಲ, ಇಂದಿಗೂ ಸಿಕ್ಕಿಲ್ಲ.

ಹೋದ ವರ್ಷ ರಾಮದುರ್ಗದಲ್ಲಿ ಅವರಿಗೆ ಹೃದಯಾಘಾತವಾಯಿತು. ಆ ಹೊತ್ತಿಗೆ ನಾನು ಊಟ ಮುಗಿಸಿ ಮನೆಯಲ್ಲಿ ಮಲಗಿದ್ದೆ. ನನಗೆ ಏನೂ ಆಗಲಿಲ್ಲ. ದವಾಖಾನೆ ಮುಟ್ಟುವ ಮೊದಲೇ ಅವರು ತೀರಿಕೊಂಡರು.