ಹಲ್ಲಿನ ಕಾಲಂನಲ್ಲಿ ಸೊನ್ನೆ

ನನ್ನ ಗಂಡ ದಿವಾಳಿಯಾದದ್ದು ಜೋಳದ ರೊಟ್ಟಿಯಿಂದ. ಜೂಜು, ಶೇರು, ಕುಡಿತ ಇಂಥ ಯಾವುದಾದರೂ ಗೌರವಸ್ಥ ಕಾರಣ ಇದ್ದಿದ್ದರೆ ನಾಲ್ಕು ಜನರಿಗೆ ಹೇಳಲು ಸುಲಭವಾಗುತ್ತಿತ್ತು. ಸಿಡ್ನಿಯಲ್ಲಿ ಒಳ್ಳೆಯ ಐಟಿ ಕೆಲಸದಲ್ಲಿದ್ದ ಹುಬ್ಬಳ್ಳಿಯ ಈ ಮನುಷ್ಯನಿಗೆ ಒಂದು ದಿನ ಇಡೀ ಆಸ್ಟ್ರೇಲಿಯಾ ಫ್ರೋಜನ್ ರೊಟ್ಟಿಗಾಗಿ ಬಾಯಿ ತೆರೆದು ಕೂತಿದೆ ಎಂದು ಹೊಳೆಯಿತು. ಸ್ಕೋಫೀಲ್ಡ್ಸ್‌ನ ಹೊಸ ಮನೆಯ ಮಾರ್ಟ್‌ಗೇಜ್ ಮೇಲೆ ಮತ್ತಷ್ಟು ಸಾಲ ಎತ್ತಿ, ರೊಟ್ಟಿ ತಟ್ಟುವ ಮಷೀನು ತರಿಸಿದರು, ಫ್ರೀಜರ್ ಇರುವ ವ್ಯಾನು ಕೊಂಡರು. ಆಸ್ಟ್ರೇಲಿಯಾ ಬಾಯಿ ಮುಚ್ಚಿಕೊಂಡಿತು. ಟೂಂಗಾಬಿಯ ಮೂರು ಅಂಗಡಿಯವರು ದಾಕ್ಷಿಣ್ಯಕ್ಕೆ ಒಂದೊಂದು ಡಬ್ಬ ಇಟ್ಟುಕೊಂಡರು. ಅದನ್ನು ನಮ್ಮ ಪರಿಚಯದವರೇ ದಾಕ್ಷಿಣ್ಯಕ್ಕೆ ಕೊಂಡರು. ಎರಡು ವರ್ಷದಲ್ಲಿ ವ್ಯಾನೂ ಹೋಯಿತು, ಮನೆಯೂ ಹೋಯಿತು.

ಮುಂದಿನ ಪ್ರಶ್ನೆ, ಸಿಡ್ನಿಯ ಕನ್ನಡದವರಿಗೆ ಮುಖ ತೋರಿಸುವುದು ಹೇಗೆ ಎಂಬುದು. ಅದಕ್ಕೆ ನನ್ನವರು ಕಂಡುಕೊಂಡ ಉತ್ತರ ಮೆಲ್ಬರ್ನ್. ಡ್ಯಾಂಡಿನಾಂಗ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅವರಿಗೆ ಒಂದು ಗೋದಾಮಿನ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು, ನನಗೆ ವಾರಕ್ಕೆ ಎರಡು ದಿನದ ಕೆಲಸ. ಶಾಲೆ ಬದಲಾಯಿಸಿದ ಮಗಳು ನಮ್ಮೊಂದಿಗೆ ಒಂದು ತಿಂಗಳು ಮಾತು ಬಿಟ್ಟಳು. ಮನೆಗೆ ಬಂದ ಮೊದಲ ವಾರವೇ ಎದುರು ಮನೆಯ ಆಂಟಿ ಬೆಳಗಾವಿಯವರೆಂದು ತಿಳಿಯಿತು. ಮುಚ್ಚಿಡಲು ಅಷ್ಟು ದೂರ ಬಂದದ್ದು ಸಾರ್ಥಕವಾಯಿತು.

ಈ ದೇಶದ ದಿವಾಳಿ ಕಾನೂನು ನಿಜಕ್ಕೂ ದಯಾಳು. ದಿವಾಳಿಯಾದವನ ಲೆಕ್ಕ ನೋಡಿಕೊಳ್ಳಲು ಒಬ್ಬ ಟ್ರಸ್ಟಿ ಇರುತ್ತಾರೆ. ಮಂಚ, ಫ್ರಿಜ್ಜು, ಹಳೆಯ ಕಾರು ನಿಮಗೇ ಬಿಡುತ್ತಾರೆ. ತೆರಿಗೆ ಕಳೆದು ಸಂಬಳ ಒಂದು ಮಿತಿ ದಾಟಿದರೆ, ದಾಟಿದ್ದರಲ್ಲಿ ಅರ್ಧ ಸಾಲ ಕೊಟ್ಟವರಿಗೆ ಹೋಗಬೇಕು. ಆದರೆ ಔಷಧಿ, ಬಾಡಿಗೆ, ಮಗುವಿನ ಡೇ ಕೇರ್, ಕೆಲಸಕ್ಕೆ ಹೋಗಿಬರುವ ಖರ್ಚು ಇಂಥವುಗಳಿಂದ ಬದುಕು ಕಷ್ಟವಾಗಿದೆ ಎಂದು ಕಾಗದ ಸಮೇತ ತೋರಿಸಿದರೆ ಕಟ್ಟಬೇಕಾದ್ದನ್ನು ಕಡಿಮೆ ಮಾಡುತ್ತಾರೆ. ನಾವು ಮಾಡಬೇಕಾಗಿದ್ದದ್ದು ಇಷ್ಟೇ: ನಮಗೆ ಕಷ್ಟವಿದೆ ಎಂದು ಒಂದು ಫಾರ್ಮಿನಲ್ಲಿ ಬರೆಯುವುದು. ನಮ್ಮಿಂದ ಆಗದೆ ಹೋದದ್ದು ಅದೊಂದೇ.

ನಮ್ಮ ಕಡೆ ಯಾರ ಮನೆಗೆ ಹೋದರೂ "ಊಟ ಆತೇನ್ರಿ?" ಎಂದು ಕೇಳುತ್ತಾರೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಈಗ ಆತ್ರಿ" ಎನ್ನಬೇಕು. ಇನ್ನೆರಡು ಸಲ ಒತ್ತಾಯ ಮಾಡಿದ ಮೇಲೆ ತಟ್ಟೆಯ ಮುಂದೆ ಕೂರಬೇಕು. ನನ್ನವರು ಆ ಫಾರ್ಮನ್ನು ಹೀಗೇ ತುಂಬಿದರು, ಆಸ್ಟ್ರೇಲಿಯಾ ಸರ್ಕಾರ ಇನ್ನೆರಡು ಸಲ ಒತ್ತಾಯ ಮಾಡುತ್ತದೆ ಎಂಬ ಭರವಸೆಯಲ್ಲಿ.

ಭಾನುವಾರ ಊಟದ ಮೇಲೆ ಫಾರ್ಮಿನ ಮನೆಖರ್ಚಿನ ಕಾಲಂಗಳ ಮುಂದೆ ಪೆನ್ನು ಹಿಡಿದು ಕೂತರು. ಹೊರಗೆ ತಿನ್ನುವುದು, ಸೊನ್ನೆ. ಕೂದಲು ಕತ್ತರಿಸುವುದು, ಸೊನ್ನೆ, ಏಕೆಂದರೆ ಟ್ರಿಮ್ಮರ್ ಮನೆಯಲ್ಲೇ ಇದೆ. ಅದರ ಫಲ ಅವರಿಗೆ ಕಾಣುತ್ತಿರಲಿಲ್ಲ, ಹಿಂದೆ ನಿಂತವರಿಗೆ ಕಾಣುತ್ತಿತ್ತು. ಉಡುಗೊರೆ, ಸೊನ್ನೆ. ಹಿಂದಿನ ವಾರವಷ್ಟೇ ಒಂದು ನಾಮಕರಣದಲ್ಲಿ ನಾನು ಲಕೋಟೆ ಕೊಟ್ಟು ಬಂದಿದ್ದೆ. ಅವರು ನಮಗೆ ಮಾಡಿದ ಮುಯ್ಯಿಯನ್ನು ಹಿಂದಿರುಗಿಸದೆ ಇರಲಾಗುತ್ತದೆಯೇ? ಬಟ್ಟೆಗೆ ಬರೆದ ಮೊತ್ತದಲ್ಲಿ ಒಂದು ಜೊತೆ ಕಾಲುಚೀಲ ಬರಬಹುದಿತ್ತು. ಆಮೇಲೆ ತಲೆಯೆತ್ತಿ, "ಹಲ್ಲಿಂದು?" ಎಂದರು.

"ಸೊನ್ನಿ ಬರೀರಿ," ಎಂದೆ.

ಆ ಹೊತ್ತಿಗೆ ನನ್ನ ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಗಿ ಐದು ತಿಂಗಳಾಗಿತ್ತು. ಈ ದೇಶದಲ್ಲಿ ಹೃದಯಕ್ಕೆ ಸರ್ಕಾರ ದುಡ್ಡು ಕೊಡುತ್ತದೆ, ಹಲ್ಲಿಗೆ ಕೊಡುವುದಿಲ್ಲ. ಹಲ್ಲಿನ ಡಾಕ್ಟರ ಫೀಸು ಕೇಳಿದರೆ ನೋವು ತಾನಾಗಿ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಎಡಗಡೆ ಅಗಿಯುತ್ತಿದ್ದೆ, ಬಲಗಡೆ ಲವಂಗ ಇಟ್ಟುಕೊಳ್ಳುತ್ತಿದ್ದೆ. ಇವರು ಆ ವಾಸನೆಯನ್ನು ಚಹಾದ ಹೊಸ ಮಸಾಲೆ ಎಂದುಕೊಂಡು ಒಮ್ಮೆ ಹೊಗಳಿಯೂ ಇದ್ದರು. ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವ ಆಸೆ ನನಗೆ ಬಹಳ ಇದೆ, ಆದರೆ ಸೊನ್ನೆ ಎಂದವಳು ನಾನು. ಉಳಿತಾಯದ ಪರೀಕ್ಷೆಯಲ್ಲಿ ಅವರಿಗಿಂತ ಒಂದು ಮಾರ್ಕು ಹೆಚ್ಚು ತೆಗೆಯುವ ಹಟ ನನಗೂ ಇತ್ತು.

ಮೂರು ವಾರಕ್ಕೆ ಉತ್ತರ ಬಂತು. ಈ ಕುಟುಂಬ ತನ್ನ ಆದಾಯದೊಳಗೆ ಆರಾಮವಾಗಿ ಬದುಕುತ್ತಿದೆ, ಕಷ್ಟ ಕಂಡುಬಂದಿಲ್ಲ, ಪೂರ್ತಿ ಮೊತ್ತ ಕಟ್ಟತಕ್ಕದ್ದು. ನನ್ನವರು ಎರಡು ಸಲ ಓದಿದರು. ಗಾಬರಿಯ ನಡುವೆಯೂ ಅವರ ಮುಖದ ಒಂದು ಮೂಲೆಯಲ್ಲಿ ಸಂತೋಷ ಕಂಡಿತು.

"ಚಲೋ ಮನಿತನಾ ಅಂತ ಸರ್ಟಿಫಿಕೇಟ್ ಕೊಟ್ಟಂಗಾತು," ಎಂದರು.

ಕೈಯಲ್ಲಿ ಲಟ್ಟಣಿಗೆ ಇರಲಿಲ್ಲ, ಅದು ಅವರ ಪುಣ್ಯ. ಪೂರ್ತಿ ಮೊತ್ತ ಕಟ್ಟಿದರೆ ಹಲ್ಲಿಗೆ ಒಂದು ಡಾಲರೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮರುದಿನ ಬೆಳಗ್ಗೆ ಕೆನ್ನೆ ಊದಿತ್ತು. ಗಾಳಿಗೆ ಹೀಗಾಗಿದೆ ಎಂದೆ, ನಂಬಿದರು.

ಇನ್ನೊಮ್ಮೆ ಪರಿಶೀಲಿಸಿ ಎಂದು ಬರೆದುಕೊಂಡದ್ದಕ್ಕೆ ಟ್ರಸ್ಟಿಯ ಕಚೇರಿಯ ಒಬ್ಬ ಹೆಂಗಸು ನಮ್ಮಿಬ್ಬರನ್ನೂ ವಿಡಿಯೋ ಕಾಲ್‌ಗೆ ಕೂರಿಸಿದಳು. ಫಾರ್ಮ್ ಮುಂದಿಟ್ಟುಕೊಂಡು, ನಿಮ್ಮ ಮನೆಯಲ್ಲಿ ವರ್ಷವಿಡೀ ಯಾರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಲೇ ಇಲ್ಲವೇ ಎಂದು ಮೆತ್ತಗೆ ಕೇಳಿದಳು. ನನ್ನವರು ನಕ್ಕು, ನಾವು ಹೇಗೋ ಮ್ಯಾನೇಜ್ ಮಾಡುತ್ತೇವೆ ಎಂದರು. ಊಟ ಆಯಿತೇ ಎಂದರೆ ಆಯಿತು ಎನ್ನುವ ಅದೇ ನಗು.

ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜ್ ಮಾಡುತ್ತಿರುವುದು ಅವರಲ್ಲ, ನಾನು ಎಂದೆ. ಇಂಗ್ಲಿಷ್ ಅಷ್ಟಕ್ಕೇ ಮುಗಿಯಿತು. ಬಾಯಿಗೆ ಬೆರಳು ಹಾಕಿ ಕೆನ್ನೆ ಎಳೆದು ಕ್ಯಾಮೆರಾಕ್ಕೆ ಹಲ್ಲು ತೋರಿಸಿದೆ. ಪಕ್ಕದಲ್ಲೇ ಕೂತಿದ್ದ ಗಂಡ ನನ್ನತ್ತ ತಿರುಗಲಿಲ್ಲ, ಪರದೆಯ ಮೇಲಿನ ನನ್ನನ್ನು ನೋಡುತ್ತ ಕೂತರು. ನಗು ಹೋಗಿತ್ತು.

ಆಕೆ ಗಾಬರಿಯಾಗಲಿಲ್ಲ. ಯಾವ ಚಿಕಿತ್ಸೆ ಬೇಕು, ಎಷ್ಟಾಗುತ್ತದೆ ಎಂದು ಡಾಕ್ಟರಿಂದ ಬರೆಸಿ ತನ್ನಿ, ಹೊಸ ಫಾರ್ಮಿನಲ್ಲಿ ಈ ಸಲ ನಿಜ ಬರೆಯಿರಿ ಎಂದಳು. ಆಸ್ಟ್ರೇಲಿಯಾ ಒತ್ತಾಯ ಮಾಡಿತು, ಎರಡನೆಯ ಸಲ.

ಡಾಕ್ಟರು ಎಕ್ಸ್‌ರೇ ನೋಡಿ, ಈ ಹಲ್ಲು ಕೀಳಲೇಬೇಕು, ಪಕ್ಕದ್ದನ್ನು ನಾಲ್ಕಾರು ಭೇಟಿಯಲ್ಲಿ ಉಳಿಸಬಹುದು ಎಂದರು. ಆರು ತಿಂಗಳ ಹಿಂದೆ ಬಂದಿದ್ದರೆ ಎರಡೂ ಉಳಿಯುತ್ತಿದ್ದವಂತೆ. ನೋಯುವ ಹಲ್ಲನ್ನು ಅವತ್ತೇ ಸೂಜಿ ಚುಚ್ಚಿ ಕಿತ್ತರು. ಕಾರಿನಲ್ಲಿ ಮನೆಗೆ ಬರುವಾಗ ನನ್ನವರು, "ಎಷ್ಟು ದಿವಸದಿಂದ ನೋವದ?" ಎಂದು ಕೇಳಿದರು. ಮರಗಟ್ಟಿದ ಬಾಯಲ್ಲಿ ಲೆಕ್ಕ ಹೇಳಿದೆ.

ಮನೆಗೆ ಬಂದವರೇ ಹೊಸ ಫಾರ್ಮ್ ತೆಗೆದರು. ಹಲ್ಲಿನ ಕಾಲಂ ಮೊದಲು ತುಂಬಿ, ಡಾಕ್ಟರ ಚೀಟಿ ಪಿನ್ ಮಾಡಿದರು. ಆಮೇಲೆ ಪೆನ್ನು ಎತ್ತಿಹಿಡಿದು ನನ್ನ ಮುಖ ನೋಡಿದರು.

"ನಿನಗೇನ್ ಬೇಕಾಗೇದ? ಖರೇ ಹೇಳು."

ಹದಿನಾರು ವರ್ಷದ ಸಂಸಾರದಲ್ಲಿ ಈ ಮಾತನ್ನು ನನಗೆ ಮೊದಲು ಕೇಳಿದ್ದು ದಿವಾಳಿ ಇಲಾಖೆ, ಆಮೇಲೆ ಗಂಡ. ಏನೂ ಬೇಡ ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾಲಿಗೆ ಹಲ್ಲಿಲ್ಲದ ಜಾಗಕ್ಕೆ ಹೋಗಿ ಬಂತು. ಕನ್ನಡಕ ಎಂದೆ. ಓದಲು ಕಾಣುತ್ತಿಲ್ಲ, ಒಂದು ವರ್ಷವಾಯಿತು ಎಂದೆ. ಹೇಳುತ್ತ ಹೇಳುತ್ತ ಅಳು ಬಂತು. ಅವರು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡರು.